ಆಷಾಢದ ರಿಯಾಯಿತಿ

ಆಷಾಢ ಬಂತೆಂದರೆ ಮುಲುಂಡಿನ ಪಾಂಚ್ ರಸ್ತಾದ ಬಟ್ಟೆ ಅಂಗಡಿಗಳಲ್ಲಿ ‘ಮಾನ್ಸೂನ್ ಸೇಲ್’ ಫಲಕಗಳು ತೂಗತೊಡಗುತ್ತವೆ. ನಮ್ಮ ಊರಿನ ಕಡೆ ಇದೇ ಆಷಾಢದ ರಿಯಾಯಿತಿ. ಮದುವೆ, ಗೃಹಪ್ರವೇಶಗಳಿಲ್ಲದ ತಿಂಗಳಲ್ಲಿ ಉಳಿದ ದಾಸ್ತಾನನ್ನು ಕರಗಿಸಿ, ಶ್ರಾವಣದ ಹೊಸ ಸರಕಿಗೆ ಸ್ಥಳವನ್ನೂ ಬಂಡವಾಳವನ್ನೂ ಬಿಡಿಸಿಕೊಳ್ಳುವುದು ವರ್ತಕರ ಲೆಕ್ಕ. ಬೆಲೆ ಇಳಿದರೆ ಬೇಡವಾದದ್ದೂ ಬೇಕೆನಿಸುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಈ ನಂಬಿಕೆಯನ್ನು ಇದೇ ಮುಂಬಯಿ ಒಮ್ಮೆ ಅಲುಗಿಸಿತ್ತು. 1921ರ ಜುಲೈ 31ರಂದು, ಅದೂ ಆಷಾಢವೇ, ಪರೇಲಿನ ಎಲ್ಫಿನ್‌ಸ್ಟನ್ ಗಿರಣಿಯ ಆವರಣದಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿಯಿಟ್ಟರು. ಖಾದಿಗಿಂತ ನಯವಾದ, ಅಗ್ಗದ ಬಟ್ಟೆಯನ್ನು ಜನ ಬೇಡವೆಂದರು. 1930ರ ಡಿಸೆಂಬರ್ 12ರಂದು ಕಾಲಬಾದೇವಿಯಲ್ಲಿ ವಿದೇಶಿ ಬಟ್ಟೆ ಹೊತ್ತ ಲಾರಿಗೆ ಅಡ್ಡವಾದ ಗಿರಣಿ ಕಾರ್ಮಿಕ ಬಾಬು ಗೇನು ಅದರಡಿ ಸಿಲುಕಿ ಪ್ರಾಣ ತೆತ್ತರು. ಗಿರಣಿಯ ಕೂಲಿಯಲ್ಲಿ ಬದುಕಿದವರಿಗೆ ಅಗ್ಗದ ಬಟ್ಟೆಯ ಬೆಲೆ ತಿಳಿಯದ್ದೇನಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಖಾದಿಗೇ ರಿಯಾಯಿತಿಯ ಆಸರೆ ಬೇಕಾಯಿತು. 1957ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕಾರ್ಯಾರಂಭ ಮಾಡಿತು. ಅದರ ಕೇಂದ್ರ ಕಚೇರಿ ಇಂದು ನಮ್ಮ ವಿಲೆಪಾರ್ಲೆಯಲ್ಲಿದೆ. ಗಾಂಧಿ ಜಯಂತಿಯ ಸಮಯದ ಆ ಕಡಿತದ ಹೊರೆಯನ್ನು ಬಹುಕಾಲ ಸರ್ಕಾರದ ಬೊಕ್ಕಸ ಹೊತ್ತಿತು.

ಬೆಲೆ ಇಳಿದಾಗ ಆ ವ್ಯತ್ಯಾಸವನ್ನು ಯಾರಾದರೊಬ್ಬರು ತುಂಬಲೇಬೇಕು. ಸೇಲಿನಲ್ಲಿ ವರ್ತಕರು ತುಂಬುತ್ತಾರೆ, ಖಾದಿಗೆ ಸರ್ಕಾರ ತುಂಬಿತು. ಕಾಲಬಾದೇವಿಯ ಆ ದಿನ ಮಾತ್ರ, ಕೊಳ್ಳಲೊಲ್ಲದವರೇ ಬೆಲೆ ತೆತ್ತರು.