ಹಿರೇಮದ್ದಿನ ಬೇರು ಮತ್ತು ನಿದ್ರೆಯ ಪರೀಕ್ಷೆ

ಗದಗ ತಾಲ್ಲೂಕಿನ ಕುರ್ತಕೋಟಿಯು ಎರೆನಾಡಿನ ಗ್ರಾಮಗಳಲ್ಲೊಂದು. ಗದಗಿನಿಂದ ದಕ್ಷಿಣಕ್ಕೆ ಮುಂಡರಗಿ ಶಿರಹಟ್ಟಿಗಳ ಕಡೆಗೆ ಹೊರಟವರಿಗೆ ಕಪ್ಪತಗುಡ್ಡದ ಸಾಲು ಎದುರಾಗುವುದು. ಮೂಲಿಕೆಗಳಿಗೆ ಹೆಸರಾದ ಆ ಗುಡ್ಡವನ್ನು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಸಾರಿರುವರು. ಆದರೆ ನಾವು ಈ ಹೊತ್ತು ವಿಚಾರಿಸಬೇಕೆಂದಿರುವ ಗಿಡಕ್ಕಾಗಿ ಗುಡ್ಡವನ್ನು ಹತ್ತಬೇಕಾದುದಿಲ್ಲ. ಅದು ಒಣಸೀಮೆಯ ಹೊಲಗಳ ಬದುವಿನಲ್ಲಿಯೂ ಪಾಳುನೆಲದಲ್ಲಿಯೂ ತಾನಾಗಿಯೇ ಹುಟ್ಟುವಂಥದು. ಸೊಂಟದೆತ್ತರದ ಪೊದೆ, ಬದನೆಯ ಕುಲಕ್ಕೆ ಸೇರಿದುದು, ಹಣ್ಣು ಕೆಂಪಗೆ, ತೆಳುಪೊರೆಯ ಚೀಲದೊಳಗೆ ಅಡಗಿರುವುದು. ಹಸಿಯ ಬೇರಿಗೆ ಕುದುರೆಯ ಮೈನಾತವಿರುವುದರಿಂದ ಸಂಸ್ಕೃತದಲ್ಲಿ ಅಶ್ವಗಂಧವೆಂದು ಹೆಸರಾಯಿತು. ಕನ್ನಡಿಗರು ಹಿರೇಮದ್ದೆಂದರು. ಮದ್ದುಗಳೊಳಗೆ ಹಿರಿದೆಂದು ಕರೆದವರು ಅದನ್ನು ಯಾವ ರೋಗಕ್ಕೆ ಹಿರಿದೆಂದು ಬಗೆದರೋ ಆ ಹೆಸರಿನಿಂದ ತಿಳಿಯಬರುವುದಿಲ್ಲ.

ಪಾಶ್ಚಾತ್ಯರು ಇಟ್ಟ ಹೆಸರಿನಲ್ಲಿ ಮಾತ್ರ ಆ ಸಂಗತಿ ಸ್ಪಷ್ಟವಾಗಿದೆ. ಸ್ವೀಡನ್ ದೇಶದ ಲಿನೇಯಸ್ ಪಂಡಿತನು ೧೭೫೩ರಲ್ಲಿ ಈ ಗಿಡಕ್ಕೆ ಕೊಟ್ಟ ಲ್ಯಾಟಿನ್ ನಾಮದ ಉತ್ತರಪದ ಸೋಮ್ನಿಫೆರಾ. ನಿದ್ರೆಯನ್ನು ತರುವುದು ಎಂದು ಅದರ ಅರ್ಥ. ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೋರಿಡೀಸನು ನಿದ್ರೆ ಬರಿಸುವ ಒಂದು ಮೂಲಿಕೆಯನ್ನು ವರ್ಣಿಸಿ, ಅದರ ಬೇರಿನ ತೊಗಟೆಯನ್ನು ದ್ರಾಕ್ಷಾಮದ್ಯದಲ್ಲಿ ಕುಡಿಸಿದರೆ ಅಫೀಮಿಗಿಂತ ಮೃದುವಾಗಿ ನಿದ್ರೆ ಹತ್ತುವುದೆಂದು ಬರೆದಿರುವನು. ಆ ಮೂಲಿಕೆ ನಮ್ಮ ಹಿರೇಮದ್ದೇ ಎಂದು ಹಲವು ವಿದ್ವಾಂಸರ ಊಹೆ.

ಇನ್ನು ನಮ್ಮ ಚರಕಸಂಹಿತೆಯನ್ನು ತೆರೆದು ನೋಡಿದರೆ ಸೋಜಿಗವಾಗುವುದು. ಅಲ್ಲಿ ಅಶ್ವಗಂಧವು ಬಲವನ್ನು ಕೊಡುವ, ಮೈಯನ್ನು ತುಂಬಿಸುವ ದ್ರವ್ಯಗಳ ಸಾಲಿನಲ್ಲಿ ಕುಳಿತಿದೆ. ನಿದ್ರೆಯನ್ನು ಹುಟ್ಟಿಸುವ ವಸ್ತುಗಳಲ್ಲಿ ಅಗ್ರಸ್ಥಾನವನ್ನು ಚರಕನು ಯಾವ ಬೇರಿಗೂ ಕೊಡಲಿಲ್ಲ. ಎಮ್ಮೆಯ ಹಾಲಿಗೆ ಕೊಟ್ಟಿರುವನು. ಎಮ್ಮೆಯ ಹಾಲಿನ ಪೇಡೆಯನ್ನು ಮೆದ್ದು ಮಧ್ಯಾಹ್ನದ ಹೊತ್ತು ತೂಕಡಿಸುವ ಧಾರವಾಡದ ಕಡೆಯವರು ಇದನ್ನು ಅಲ್ಲಗಳೆಯಲಾರರು. ಹೀಗೆ ಒಂದೇ ಗಿಡದ ವಿಷಯದಲ್ಲಿ ಎರಡು ಪರಂಪರೆಗಳು ಎರಡು ಮಾತನ್ನಾಡುವಾಗ, ಎರಡನ್ನೂ ಪರೀಕ್ಷೆಯ ಕಲ್ಲಿಗೆ ಉಜ್ಜದೆ ಗತಿಯಿಲ್ಲ.

ಪರೀಕ್ಷೆಯೆಂದರೆ ಏನು, ಅದಿಲ್ಲದಿದ್ದರೆ ಆಗುವುದೇನು ಎಂಬುದನ್ನು ತಿಳಿಯಲು ಮತ್ತೊಂದು ಬೇರಿನ ಕಥೆಯನ್ನು ಇಲ್ಲಿ ಹೇಳಬೇಕಾಗುವುದು. ಅದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧ. ಹುಚ್ಚು ಕೆರಳಿದವರನ್ನು ಶಾಂತಗೊಳಿಸಲು ನಾಟಿ ವೈದ್ಯರು ಅದನ್ನು ಬಹುಕಾಲದಿಂದ ಕೊಡುತ್ತಿದ್ದರು. ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಅದರ ಗುಣವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು: ಅದು ಉನ್ಮಾದವನ್ನು ಶಮನಮಾಡುವುದು, ರಕ್ತದ ಒತ್ತಡವನ್ನೂ ಇಳಿಸುವುದು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರೂ ಅವರ ಸಂಗಡಿಗರೂ ಬೇರಿನಿಂದ ಕ್ಷಾರಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ಸ್ಮರಣಾರ್ಥ ಅಜ್ಮಲೀನ್ ಎಂದು ಹೆಸರಿಟ್ಟರು. ಪಾಶ್ಚಾತ್ಯ ದೇಶಗಳು ಇದನ್ನು ಬಹುಮಟ್ಟಿಗೆ ಲಕ್ಷಿಸಲಿಲ್ಲ. ಮುಂಬಯಿಯ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ವೃತ್ತಾಂತವನ್ನು ೧೯೪೯ರಲ್ಲಿ ಬ್ರಿಟನ್ನಿನ ಹೃದ್ರೋಗಪತ್ರಿಕೆಯಲ್ಲಿ ಅಚ್ಚುಮಾಡಿಸಿದ ಮೇಲೆಯೇ ಅವು ಕಣ್ಣು ತೆರೆದುದು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ ಸಂಸ್ಥೆಯವರು ರಿಸರ್ಪೀನ್ ಎಂಬ ಸತ್ವವನ್ನು ತೆಗೆದರು. ೧೯೫೪ರ ಹೊತ್ತಿಗೆ ಅಮೆರಿಕದ ಹುಚ್ಚಾಸ್ಪತ್ರೆಗಳಲ್ಲಿ ಅದನ್ನು ಕೊಡಲಾರಂಭಿಸಿದರು.

ಇಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಅದು ನಮ್ಮ ಹೆಮ್ಮೆಯ ಕಥೆ ಮಾತ್ರವಾಗುತ್ತಿತ್ತು. ಆದರೆ ರಕ್ತದೊತ್ತಡಕ್ಕಾಗಿ ರಿಸರ್ಪೀನನ್ನು ಬಹುದಿನ ಸೇವಿಸಿದವರಲ್ಲಿ ಕೆಲವರಿಗೆ ತೀವ್ರವಾದ ವಿಷಣ್ಣತೆ ಅಡರಿದುದನ್ನು ವೈದ್ಯರು ವರದಿಮಾಡತೊಡಗಿದರು. ಕೆರಳಿದ ಮನಸ್ಸನ್ನು ತಣಿಸುವ ವಸ್ತು ಕೆರಳದಿದ್ದ ಮನಸ್ಸನ್ನು ಮಂಕುಮಾಡುವುದೋ ಎಂಬ ಶಂಕೆ ಹುಟ್ಟಿತು. ಅದರ ಪ್ರಮಾಣವೆಷ್ಟೆಂಬ ಚರ್ಚೆ ದೀರ್ಘಕಾಲ ನಡೆಯಿತು. ಶಾಂತಿ ಒಂದು, ಜಡತೆ ಇನ್ನೊಂದು. ಹೊರಗೆ ನಿಂತು ನೋಡುವವನಿಗೆ ಎರಡೂ ಸದ್ದಿಲ್ಲದ ಮನುಷ್ಯನಂತೆಯೇ ತೋರುವುವು. ಅದರಲ್ಲಿಯೂ ಆಸ್ಪತ್ರೆಯ ಕಾವಲುಗಾರನಿಗೆ ಎರಡೂ ಸಮಾನವಾಗಿ ಹಿತವೇ! ಈ ಭೇದವನ್ನು ಕಂಡುಹಿಡಿಯುವುದೇ ಪರೀಕ್ಷೆಯ ಮುಖ್ಯ ಕೆಲಸವೆಂದು ನಾವು ಬಗೆಯುತ್ತೇವೆ.

ಇಂತಹ ಪರೀಕ್ಷೆ ನಮ್ಮ ನಾಡಿನಲ್ಲಿಯೂ ನಡೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ೧೯೭೬ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಬ್ರಾಹ್ಮ್ಯಾದಿಯೋಗ, ತಗರ ಎಂಬ ಆಯುರ್ವೇದದ ಮದ್ದುಗಳನ್ನು ಕ್ಲೋರ್‌ಪ್ರೊಮಜೀನ್ ಎಂಬ ಆಧುನಿಕ ಔಷಧದೊಡನೆಯೂ ಹುಸಿಮದ್ದಿನೊಡನೆಯೂ ಹೋಲಿಸಿ ಉನ್ಮಾದರೋಗಿಗಳಿಗೆ ಕೊಟ್ಟರು. ಯಾರಿಗೆ ಯಾವುದು ಸಂದಿತೆಂಬುದು ರೋಗಿಗೂ ಗೊತ್ತಿಲ್ಲ, ಅವನ ಗುಣವನ್ನು ಅಳೆಯುವ ವೈದ್ಯನಿಗೂ ಗೊತ್ತಿಲ್ಲ. ಗುಟ್ಟು ಮೂರನೆಯವನ ಕೈಯಲ್ಲಿರುವುದು. ಹೀಗಾದರೆ ಅಭಿಮಾನಕ್ಕೂ ತಿರಸ್ಕಾರಕ್ಕೂ ಎಡೆಯಿರುವುದಿಲ್ಲ. ಈ ಬಗೆಯ ಪ್ರಯೋಗಗಳನ್ನು ೨೦೦೭ರಲ್ಲಿ ಒಟ್ಟುಗೂಡಿಸಿ ತೂಗಿದವರು ಅವೆಲ್ಲ ಚಿಕ್ಕವೆಂದೂ, ಬ್ರಾಹ್ಮ್ಯಾದಿಯೋಗವು ಕ್ಲೋರ್‌ಪ್ರೊಮಜೀನಿಗೆ ಸರಿದೊರೆಯಾಗಲಿಲ್ಲವೆಂದೂ ಕಂಡರು. ಹಾಗಾದುದರಿಂದ ಆ ಪ್ರಯತ್ನದ ಬೆಲೆ ತಗ್ಗಿತೆಂದು ನಮಗೆ ತೋರುವುದಿಲ್ಲ. ಸೋಲಬಹುದಾದ ಪಣವನ್ನೊಡ್ಡಿದವರಿಗೆ ಮಾತ್ರ ಗೆಲುವಿನ ಮಾತನ್ನಾಡುವ ಹಕ್ಕಿರುವುದು.

ಈಗ ಹಿರೇಮದ್ದಿಗೆ ಹಿಂದಿರುಗೋಣ. ೧೯೬೫ರಲ್ಲಿ ಮಲ್ಹೋತ್ರ ಮತ್ತು ಸಂಗಡಿಗರು ಬೇರಿನ ಕ್ಷಾರಸತ್ವಗಳನ್ನು ಇಲಿ, ಬೆಕ್ಕು, ನಾಯಿ, ಮಂಗಗಳ ಮೇಲೆ ಪ್ರಯೋಗಿಸಿ, ಅವು ಪ್ರಾಣಿಗಳನ್ನು ಸಾಧುಗೊಳಿಸುವುವೆಂದೂ, ಬಾರ್ಬಿಟೋನ್ ವರ್ಗದ ನಿದ್ರೌಷಧದಿಂದ ಬಂದ ನಿದ್ರೆಯನ್ನು ಹೆಚ್ಚಿಸುವುವೆಂದೂ ಹೇಳಿದರು. ಇಂತಹ ಪ್ರಯೋಗದ ಕ್ರಮ ಸರಳವಾದುದು. ನಿದ್ರೌಷಧವನ್ನು ಕೊಟ್ಟ ಇಲಿಯನ್ನು ಅಂಗಾತ ಮಲಗಿಸುವರು. ಅದು ಎಷ್ಟು ಹೊತ್ತಿನ ಮೇಲೆ ತಾನಾಗಿ ಮಗುಚಿಕೊಂಡು ಏಳುವುದೆಂದು ಗಡಿಯಾರ ಹಿಡಿದು ನೋಡುವರು. ಮೂಲಿಕೆಯನ್ನು ಮೊದಲೇ ತಿಂದ ಇಲಿ ಹೆಚ್ಚು ಹೊತ್ತು ಮಲಗಿದರೆ ಮೂಲಿಕೆಗೆ ಶಮನಗುಣವುಂಟೆನ್ನುವರು. ಆದರೆ ಎಚ್ಚರದಿಂದಿರಬೇಕು. ಇದರಿಂದ ಪರರು ತಂದ ನಿದ್ರೆಗೆ ಮೂಲಿಕೆಯು ಹೆಗಲು ಕೊಟ್ಟಿತೆಂದಾಯಿತೇ ಹೊರತು, ತಾನೇ ನಿದ್ರೆಯನ್ನು ತಂದಿತೆಂದಾಗಲಿಲ್ಲ.

ಆ ಕೊರತೆಯನ್ನು ನೀಗಿಸಿದವರು ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದವರು. ೨೦೧೭ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳ ಮಿದುಳಿನ ವಿದ್ಯುತ್ ಸ್ಪಂದನವನ್ನೇ ಬರೆದುಕೊಂಡು ನಿದ್ರೆಯನ್ನು ಅಳೆದರು. ಫಲ ಅನಿರೀಕ್ಷಿತವಾಗಿತ್ತು. ಹಿರೇಮದ್ದಿನ ಸಾರಭೂತವೆಂದು ಎಲ್ಲರೂ ಎಣಿಸಿದ್ದ ವಿದನೊಲೈಡುಗಳಿಂದ ತುಂಬಿದ ಮದ್ಯಸಾರದ ಕಷಾಯವು ನಿದ್ರೆಯನ್ನು ತರಲಿಲ್ಲ. ಎಲೆಯ ನೀರಿನ ಕಷಾಯವೂ, ಅದರಲ್ಲಿದ್ದ ಟ್ರೈಎಥಿಲೀನ್ ಗ್ಲೈಕಾಲ್ ಎಂಬ ವಸ್ತುವೂ ತಂದುವು. ಪರಂಪರೆ ಒಳಕ್ಕೆ ಕುಡಿಸುತ್ತಿದ್ದುದು ಮುಖ್ಯವಾಗಿ ಬೇರನ್ನು. ಇಲಿ ಮಲಗಿದುದು ಎಲೆಯಿಂದ. ಇದನ್ನು ಓದಿ ಎಲೆಯನ್ನು ಕುದಿಸಿ ಕುಡಿಯಲು ಹೊರಡುವುದು ತರವಲ್ಲ. ಎಲೆಯ ಬಳಕೆಯನ್ನು ಬಿಡಬೇಕೆಂದು ಭಾರತ ಸರ್ಕಾರದ ಆಯುಷ್ ಮಂತ್ರಾಲಯವು ೨೦೨೧ರಲ್ಲಿ ಔಷಧ ತಯಾರಕರಿಗೆ ಸೂಚನೆ ಕಳುಹಿಸಿತು.

ಬೇರಿನ ಪರವಾದ ಸಾಕ್ಷ್ಯ ಮನುಷ್ಯರಿಂದ ದೊರೆತಿದೆ. ೨೦೧೯ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಿದ್ರಾಹೀನತೆಯಿಂದ ಬಳಲುವ ೬೦ ಮಂದಿಗೆ ಹತ್ತು ವಾರ, ಕೆಲವರಿಗೆ ಬೇರಿನ ಸಾರವನ್ನು ೩೦೦ ಮಿಲಿಗ್ರಾಮಿನಂತೆ ದಿನಕ್ಕೆರಡು ಬಾರಿ, ಉಳಿದವರಿಗೆ ಹುಸಿಮದ್ದನ್ನು ಕೊಟ್ಟರು. ಬೇರನ್ನು ಸೇವಿಸಿದವರಿಗೆ ನಿದ್ರೆ ಬೇಗ ಹತ್ತಿತು. ೨೦೨೧ರಲ್ಲಿ ಇಂತಹ ಐದು ಪ್ರಯೋಗಗಳ ೪೦೦ ಮಂದಿಯ ಫಲವನ್ನು ಕೂಡಿಸಿ ನೋಡಿದವರು, ಗುಣವಿರುವುದು ನಿಜ, ಆದರೆ ಅದು ಸ್ವಲ್ಪವೆಂದರು. ಇನ್ನೊಂದು ಕಡೆ, ಈ ಮದ್ದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಕೇಡಾದ ವರದಿಗಳುಂಟು; ಡೆನ್ಮಾರ್ಕ್ ದೇಶವು ೨೦೨೩ರಲ್ಲಿ ಇದನ್ನು ಆಹಾರಪದಾರ್ಥಗಳಲ್ಲಿ ಸೇರಿಸಕೂಡದೆಂದು ನಿಷೇಧಿಸಿತು. ಹೊಲದ ಬದುವಿನ ಗಿಡವೆಂಬ ಸಲಿಗೆಯಿಂದ ವೈದ್ಯರನ್ನು ಕೇಳದೆ, ವಿಶೇಷವಾಗಿ ಗರ್ಭಿಣಿಯರು, ಇದನ್ನು ಸೇವಿಸುವುದು ಸಲ್ಲದು.

ಮನೆಗಳಲ್ಲಿ ಹಿರೇಮದ್ದಿನ ಪುಡಿಯನ್ನು ಹಾಲಿನಲ್ಲಿ ಕುದಿಸಿ ರಾತ್ರಿ ಕುಡಿಸುವ ಪದ್ಧತಿಯುಂಟಷ್ಟೆ. ಗುಳಿಗೆಯ ಪ್ರಯೋಗ ಈ ಪದ್ಧತಿಯ ಪ್ರಯೋಗವಾಗಲಾರದು. ಏಕೆಂದರೆ ಚರಕನ ಮಾತು ನಿಜವಾದರೆ ಬಟ್ಟಲಿನಲ್ಲಿ ನಿದ್ರೆ ತರುವವರು ಇಬ್ಬರಿರುವರು. ಅದನ್ನು ಒರೆಗೆ ಹಚ್ಚಬೇಕಾದರೆ ಜನರನ್ನು ನಾಲ್ಕು ಪಾಲು ಮಾಡಬೇಕು: ಒಂದು ಪಾಲಿಗೆ ಎಮ್ಮೆಯ ಹಾಲಿನಲ್ಲಿ ಬೇರು, ಒಂದಕ್ಕೆ ಬರಿಯ ಎಮ್ಮೆಯ ಹಾಲು, ಒಂದಕ್ಕೆ ನೀರಿನಲ್ಲಿ ಬೇರು, ಇನ್ನೊಂದಕ್ಕೆ ಎರಡೂ ಇಲ್ಲದ ಹುಸಿಮದ್ದು. ಎಮ್ಮೆಗೂ ಹಿರೇಮದ್ದಿಗೂ ಕೊರತೆಯಿಲ್ಲದ ಗದಗಿನ ಸೀಮೆಯಲ್ಲಿ ಕಷ್ಟವಾದುದು ಒಂದೇ: ಹಾಲಿನ ರುಚಿಯನ್ನು ಬಲ್ಲ ಜನರಿಗೆ ಹುಸಿಹಾಲನ್ನು ಕುಡಿಸುವ ಬಗೆ.