ಕೋತಿ ಕೂಗಿದ್ದು ಕೋತಿಗೆ ಹೇಗೆ ಕೇಳಿಸುತ್ತೆ?

ಯಶವಂತಪುರದ ಪಕ್ಕ ಇರೋ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ನಿಮಗೆಲ್ಲ ಗೊತ್ತು. ಅದೇ ಕ್ಯಾಂಪಸ್ಸಿನಲ್ಲಿ ನಿಯಾಸ್ ಅಂತ ಇನ್ನೊಂದು ಸಂಸ್ಥೆ ಇದೆ, 1988ರಲ್ಲಿ ಜೆ.ಆರ್.ಡಿ. ಟಾಟಾ ಕಟ್ಟಿದ್ದು. ಅಲ್ಲಿನ ಅನಿಂದ್ಯ ಸಿನ್ಹ ಅವರ ತಂಡ 2018ರಲ್ಲಿ ಬಂಡೀಪುರದ ಕೋತಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿತು. ಜನರ ಕೈಯಲ್ಲಿ ತಿಂಡಿ ಕಂಡರೆ ಅಲ್ಲಿನ ಕೋತಿಗಳು ಕೈ ಚಾಚಿ 'ಕೂ' ಅನ್ನುತ್ತವಂತೆ. ತಮ್ಮವರ ಜೊತೆ ಸ್ನೇಹಕ್ಕೆ ಬಳಸೋ ದನಿಯನ್ನೇ ನಮ್ಮ ಮೇಲೂ ಪ್ರಯೋಗಿಸೋದು! ಜಾಣ ಭಿಕ್ಷುಕರು :)

ಕೂಗೋದು ಸರಿ, ಕೇಳಿಸಿಕೊಳ್ಳೋ ಮಿದುಳಿನೊಳಗೆ ಏನಾಗುತ್ತೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ.

ಅಮೆರಿಕದ ರಿಚರ್ಡ್ ಗಾರ್ನರ್ 1890ರ ಸುಮಾರಿಗೆ ಒಂದು ಹೆಣ್ಣು ಕೋತಿಯ ದನಿಯನ್ನು ಫೋನೋಗ್ರಾಫಿನಲ್ಲಿ ಹಿಡಿದು ಗಂಡಿಗೆ ಕೇಳಿಸಿದ. ಅದು ಕೊಂಬಿನ ಹಿಂದೆಮುಂದೆ ಅವಳನ್ನು ಹುಡುಕಿತಂತೆ. ಕೂಗನ್ನು ರೆಕಾರ್ಡ್ ಮಾಡಿ ಕೋತಿಗೇ ಕೇಳಿಸಿ ನೋಡೋ ವಿಧಾನ ಇವತ್ತಿಗೂ ಬಳಕೆಯಲ್ಲಿದೆ. ಕೀನ್ಯಾದ ವರ್ವೆಟ್ ಕೋತಿಗಳು ಚಿರತೆ, ಹದ್ದು, ಹಾವಿಗೆ ಬೇರೆ ಬೇರೆ ಕೂಗು ಹಾಕುತ್ತವೆ ಅಂತ 1980ರಲ್ಲಿ ತೋರಿಸಿದ್ದೂ ಹೀಗೇ. ಚಿರತೆಯ ಕೂಗು ಕೇಳಿಸಿದರೆ ಮರ ಹತ್ತಿದವು, ಹದ್ದಿನದಕ್ಕೆ ಆಕಾಶ ನೋಡಿದವು.

ಮಿದುಳಿನ ಸುಳಿವು ಮೊದಲು ಸಿಕ್ಕಿದ್ದು ಕಿವಿಯಿಂದ. ಬಲಗಿವಿಯ ಸದ್ದು ಹೆಚ್ಚಾಗಿ ಎಡ ಮಿದುಳಿಗೆ ಹೋಗುತ್ತೆ, ನಮ್ಮಲ್ಲಿ ಬಹುತೇಕರಿಗೆ ಭಾಷೆ ಇರೋದೂ ಎಡಕ್ಕೇ. ಜಪಾನಿನ ಕೋತಿಗಳು ತಮ್ಮದೇ ಜಾತಿಯ 'ಕೂ'ಗಳ ವ್ಯತ್ಯಾಸವನ್ನು ಬಲಗಿವಿಯಲ್ಲೇ ಚೆನ್ನಾಗಿ ಗುರುತಿಸಿದವು ಅಂತ 1978ರಲ್ಲಿ ಗೊತ್ತಾಯಿತು. 1984ರ ಇನ್ನೊಂದು ಪ್ರಯೋಗದಲ್ಲಿ ಮಿದುಳಿನ ಎಡಪಕ್ಕದ ಶ್ರವಣ ಭಾಗ ತೆಗೆದಾಗ ಕೋತಿಗಳು ತಡವರಿಸಿ, ಮತ್ತೆ ಕಲಿತವು. ಬಲಪಕ್ಕದ್ದು ಮಾತ್ರ ತೆಗೆದರೆ ಏನೂ ಆಗಲಿಲ್ಲ. ಎರಡೂ ಹೋದಾಗ ಆ ಶಕ್ತಿಯೇ ಹೋಯಿತು. (ಓದುವಾಗ ಸಂಕಟ ಆಗುತ್ತೆ, ನಿಜ.)

2008ರಲ್ಲಿ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ಪೆಟ್ಕೊವ್ ಮತ್ತು ಸಂಗಡಿಗರು ಕತ್ತರಿ ಇಲ್ಲದೆ, ಸ್ಕ್ಯಾನರಿನಲ್ಲೇ ನೋಡಿದರು. ಕೋತಿ ಮಿದುಳಿನಲ್ಲಿ ಸ್ವಜಾತಿಯ ದನಿಗೇ ಹೆಚ್ಚು ಮಿಡಿಯೋ ಒಂದು ಜಾಗ ಸಿಕ್ಕಿತು. 'ಏನು ಕೂಗಿದ್ದು' ಅನ್ನೋದಕ್ಕಿಂತ 'ಯಾರು ಕೂಗಿದ್ದು' ಅನ್ನೋ ವ್ಯತ್ಯಾಸ ಅದಕ್ಕೆ ಗೊತ್ತಾಗುತ್ತಿತ್ತು. ಮನುಷ್ಯರಲ್ಲೂ ಇಂಥ ಜಾಗ ಇದೆ ಅಂತ 2000ದಲ್ಲೇ ಗೊತ್ತಾಗಿತ್ತು. ಫೋನಿನಲ್ಲಿ ಬರೀ "ಹಲೋ" ಕೇಳಿ "ಅಮ್ಮಾ, ಹೇಳು" ಅನ್ನುತ್ತೀವಲ್ಲ, ಹಾಗೆ.

ಬಡಾವಣೆಗೆ ಕೋತಿ ಬಂದರೆ 'ಹಿಡಿದು ದೂರ ಬಿಡಿ' ಅನ್ನೋದು ನಮಗೆ ಸುಲಭ. ಒಂಟಿಯಾಗಿ ಬಿಟ್ಟ ಕೋತಿಗೆ ಆ ಹೊಸ ಕಾಡಿನಲ್ಲಿ ಕೇಳಿಸೋದೆಲ್ಲ ಅಪರಿಚಿತರ ದನಿ. ಗಾರ್ನರನ ಕೋತಿ ಕೊಂಬಿನ ಹಿಂದೆ ಹುಡುಕಿದ ಹಾಗೆ ಅದೂ ತನ್ನವರನ್ನು ಹುಡುಕೀತು. ನಿಮ್ಮ ಕಡೆ ಏನು ಮಾಡುತ್ತಾರೆ? ಕಾಮೆಂಟಿನಲ್ಲಿ ಬರೆಯಿರಿ.