ಅಪ್ಪನ ಯೆಜ್ಡಿ ಮತ್ತು ಹ್ಯಾಂಡಲ್ ಎತ್ತರದ ಕಥೆ

ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. 2019ರ ದೀಪಾವಳಿಗೆ ಊರಿಗೆ, ಅಂದರೆ ಕೊಡೇಕಲ್ಲಿಗೆ ಹೋಗಿದ್ದಾಗ ಅಪ್ಪನ ಹಳೇ ಯೆಜ್ಡಿಗೆ ಹೊಸ ಹ್ಯಾಂಡಲ್ ಹಾಕಿಸಿದೆ. ಗಿಡ್ಡದು, ನೆಟ್ಟಗಿನದು, ನೋಡಲು ಥೇಟ್ ರೇಸ್ ಗಾಡಿ. ಅಪ್ಪ ಒಂದು ರೌಂಡ್ ಹೊಡೆದು ಬಂದು, "ಚಂದ ಕಾಣ್ತದ ಬಿಡೋ ತಮ್ಮಾ, ಆದ್ರ ಬೆನ್ನು ಹಿಡ್ಕೊಳ್ಲಕತ್ತದ" ಅಂದರು. ಎರಡು ದಿನದಲ್ಲಿ ರೂಢಿಯಾಗುತ್ತೆ ಅಂತ ನಾನು ನಕ್ಕೆ. ಮೂರನೇ ದಿನ ಹಿಂದೆ ಗೊಬ್ಬರದ ಚೀಲ ಕಟ್ಟಿಕೊಂಡು ಮನೆಯ ಸಂದಿಯಲ್ಲಿ ಗಾಡಿ ತಿರುಗಿಸುವಾಗ ಅವರ ಎಡಗೈ ಹೆಬ್ಬೆರಳು ಹ್ಯಾಂಡಲ್ಲಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿತು. ಕ್ಲಚ್ ಜಾರಿತು, ಗಾಡಿ ಬಿತ್ತು, ಮುಂಗೈ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ತಪ್ಪು ಮೆಕ್ಯಾನಿಕ್‌ನದಲ್ಲ, ಗಾಡಿಯದೂ ಅಲ್ಲ, ನನ್ನದೇ.

ಆಮೇಲೆ ತಲೆಗೆ ಹುಳ ಬಿಟ್ಟುಕೊಂಡೆ. ಅಷ್ಟು ವರ್ಷ ಅಪ್ಪನನ್ನು ನೋಯಿಸದ ಹ್ಯಾಂಡಲ್ ಆ ಎತ್ತರದಲ್ಲೇ ಯಾಕಿತ್ತು? ನಾನು ಹಾಕಿಸಿದ ಗಿಡ್ಡ ಹ್ಯಾಂಡಲ್ ಎಲ್ಲಿಂದ ಬಂತು?

ಮೊದಮೊದಲ ಮೋಟಾರ್ ಸೈಕಲ್ಲುಗಳೆಂದರೆ ಎಂಜಿನ್ ಕೂರಿಸಿದ ಸೈಕಲ್ಲುಗಳೇ. ಹ್ಯಾಂಡಲ್ಲೂ ಸೈಕಲ್ಲಿನದೇ, ಸವಾರನ ಕಡೆಗೆ ಬಾಗಿ ಬಂದದ್ದು. ನೆಟ್ಟಗೆ ಕೂತು ಓಡಿಸುವ ಆ ಭಂಗಿ ನಮ್ಮ ದೇಶದಲ್ಲಿ ಬಹಳ ಕಾಲ ಉಳಿಯಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಕಂಪನಿ ಶುರುವಾಗಿ ಬುಲೆಟ್ ಬಂತು. ನಮ್ಮ ಮೈಸೂರಿನಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು ಐಡಿಯಲ್ ಜಾವಾ ಕಟ್ಟಿದರು. ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹವೂ ಇತ್ತು. ಯಾದವಗಿರಿಯ ಆ ಕಾರ್ಖಾನೆಯಿಂದ 1961ರಲ್ಲಿ ಜಾವಾ 250 ಹೊರಬರತೊಡಗಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಇವನ್ನೆಲ್ಲ ಕೊಂಡವರು ಯಾರು? ಹಾಲು ಹಾಕುವವರು, ಮೇಷ್ಟ್ರು, ರೈತರು, ಪೊಲೀಸರು. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು, ಪಕ್ಕದಲ್ಲಿ ಚೀಲ. ರಸ್ತೆ ಅಂದರೆ ಎರೆ ಮಣ್ಣಿನ ಚಕ್ಕಡಿ ದಾರಿ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಭತ್ತ ಬಂತು, ಜೊತೆಗೆ ಕಾಲುವೆ ಏರಿಯ ಮೇಲಿನ ಕೆಸರೂ ಬಂತು. ಅಂಥ ಕಡೆ ಗಾಡಿ ನಿಧಾನವಾಗಿ ಹೋಗಬೇಕು, ಮುಂದಿನ ಚಕ್ರ ಜಾರಿದರೆ ಥಟ್ಟನೆ ಹಿಡಿಯಬೇಕು, ಗುಂಡಿ ಬಂದರೆ ಸೀಟಿನಿಂದ ಏಳಬೇಕು. ನೆಟ್ಟಗೆ ಕೂರಿಸುವ ಹ್ಯಾಂಡಲ್ ಇದ್ದರೆ ಮೂರೂ ಸಲೀಸು.

ಗಿಡ್ಡ ಹ್ಯಾಂಡಲ್ಲಿನ ಹುಟ್ಟು ಬೇರೆ ಕಡೆ, ರೇಸಿನ ಮೈದಾನದಲ್ಲಿ. ಅದನ್ನು ಬೀದಿಗೆ ತಂದವರಲ್ಲಿ 1950, 60ರ ದಶಕದ ಲಂಡನ್ನಿನ ಹುಡುಗರು ಮುಖ್ಯರು. ಏಸ್ ಕೆಫೆಯಂಥ ಜಾಗಗಳಲ್ಲಿ ಸೇರಿ, ಅಲ್ಲಿನ ನುಣುಪು ಡಾಂಬರಿನಲ್ಲಿ ಗಂಟೆಗೆ ನೂರು ಮೈಲಿ ಮುಟ್ಟಬೇಕೆಂದು ಹ್ಯಾಂಡಲ್ ಇಳಿಸಿ ಗಾಡಿಯ ಮೇಲೆ ಮಲಗಿದಂತೆ ಓಡಿಸುತ್ತಿದ್ದರು. 'ಕೆಫೆ ರೇಸರ್' ಎಂಬ ಹೆಸರು ಬಂದದ್ದೇ ಹಾಗೆ. ಅತ್ತ ಅಮೆರಿಕದಲ್ಲಿ ತದ್ವಿರುದ್ಧ! ಮಂಗ ಕೊಂಬೆಗೆ ಜೋತುಬಿದ್ದಂತೆ ಕಾಣುವ ಭಾರೀ ಎತ್ತರದ ಹ್ಯಾಂಡಲ್ಲುಗಳು. 1969ರ 'ಈಜಿ ರೈಡರ್' ಸಿನಿಮಾ ಇಂಥ ಉದ್ದ ಮೂತಿಯ ಗಾಡಿಗಳನ್ನು ಜಗತ್ತಿಗೇ ಪರಿಚಯಿಸಿತು. ನಮ್ಮಲ್ಲೂ ಶೋಲವರಂ ರೇಸಿನಲ್ಲಿ ಯೆಜ್ಡಿಗಳು ಓಡುತ್ತಿದ್ದವು. ಆದರೆ ಅದು ರೇಸು, ಊರ ಸಂದಿಯಲ್ಲ.

ಈಗ ಸ್ವಲ್ಪ ಲೆಕ್ಕಾಚಾರ. ಹ್ಯಾಂಡಲ್ ಇಳಿಸಿದರೆ ಮೈ ಮುಂದಕ್ಕೆ ಬಾಗುತ್ತದೆ, ಮೈಭಾರ ಅಂಗೈ ಮಣಿಕಟ್ಟಿನ ಮೇಲೆ ಬೀಳುತ್ತದೆ. ವೇಗದಲ್ಲಿ ಹೋಗುವಾಗ ಎದುರು ಗಾಳಿ ಎದೆಯನ್ನು ತಳ್ಳಿ ಆ ಭಾರವನ್ನು ಹಗುರ ಮಾಡುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 40ರಲ್ಲಿ ಇದ್ದದ್ದು 80ರಲ್ಲಿ ನಾಲ್ಕು ಪಟ್ಟಾಗುತ್ತದೆ. ಲಂಡನ್ನಿನ ಹುಡುಗನಿಗೆ ಗಾಳಿಯೇ ದಿಂಬು. ಹುಣಸಗಿ ರಸ್ತೆಯಲ್ಲಿ 30ರಲ್ಲಿ ಹೋಗುವ ಅಪ್ಪನಿಗೆ ಆ ದಿಂಬು ಎಲ್ಲಿಂದ ಬರಬೇಕು? ಪೂರ್ತಿ ಭಾರ ಮಣಿಕಟ್ಟಿಗೇ.

ಹಾಗಂತ ಎತ್ತರವಿದ್ದಷ್ಟೂ ಒಳ್ಳೇದು ಅಂತಲೂ ಇಲ್ಲ. ಕೈ ಹೆಗಲಿಗಿಂತ ಮೇಲೆ ಹೋದರೆ ಬೇಗ ಜೋಮು ಹಿಡಿಯುತ್ತದೆ. ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರಾಗುತ್ತದೆ. ಹಿಂದೆ ಚೀಲವೂ ಇದ್ದರಂತೂ ಹ್ಯಾಂಡಲ್ ಅಲ್ಲಾಡತೊಡಗುತ್ತದೆ. ನೆಟ್ಟಗೆ ಕೂತಾಗ ಗುಂಡಿಯ ಏಟು ಸೀದಾ ಬೆನ್ನುಹುರಿಗೆ. ವೈರುಗಳು ಗಿಡ್ಡವಾಗಿ ಉಳಿದರೆ ಇನ್ನೊಂದು ಅಪಾಯ: ಹ್ಯಾಂಡಲ್ ತಿರುಗಿಸಿದಾಗ ಎಕ್ಸಿಲೇಟರ್ ವೈರು ಎಳೆದುಕೊಂಡು ಎಂಜಿನ್ ತಾನೇ ರೇಸ್ ಆಗುತ್ತದೆ.

ಇನ್ನೊಂದು ವಿಷಯ ನನಗೂ ಗೊತ್ತಿರಲಿಲ್ಲ. ಹ್ಯಾಂಡಲ್ ಎತ್ತರವಾದರೆ ಗಾಡಿ ಸುಲಭವಾಗಿ ತಿರುಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ, ತಿರುಗಿಸುವ ಶಕ್ತಿ ಬರುವುದು ಮುಖ್ಯವಾಗಿ ಅಗಲದಿಂದ. ಉದ್ದ ಪಾನಾ ಹಿಡಿದರೆ ನಟ್ಟು ಬೇಗ ಬಿಚ್ಚುವುದಿಲ್ಲವೇ, ಹಾಗೆ. ಎತ್ತರ ನಿರ್ಧರಿಸುವುದು ಮೈ ಎಲ್ಲಿ ಕೂರುತ್ತದೆ, ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು. ನಾನು ಹಾಕಿಸಿದ್ದು ಗಿಡ್ಡವೂ ಹೌದು, ಇಕ್ಕಟ್ಟೂ ಹೌದು, ಟ್ಯಾಂಕಿಗೆ ತಾಗುವಂಥದ್ದೂ ಹೌದು. ಮೂರೂ ತಪ್ಪು ಒಟ್ಟಿಗೆ!

2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮತ್ತೆ ಬಂದಾಗ ಒಂದಲ್ಲ, ಮೂರು ಗಾಡಿ ಬಂದವು: ರೋಡ್‌ಸ್ಟರ್, ಸ್ಕ್ರ್ಯಾಂಬ್ಲರ್, ಅಡ್ವೆಂಚರ್. ಅಡ್ವೆಂಚರಿನದು ಕಲ್ಲುದಾರಿಯಲ್ಲಿ ಎದ್ದು ನಿಂತು ಓಡಿಸಲು ಒಗ್ಗುವ ಎತ್ತರದ, ಅಗಲದ ಹ್ಯಾಂಡಲ್. ಹೆಸರು ಒಂದೇ ಆದರೂ ದಾರಿ ಬೇರೆಯಾದರೆ ಕೂರುವ ಭಂಗಿಯೂ ಬೇರೆ ಅಂತ ಕಂಪನಿಗೆ ಗೊತ್ತಿತ್ತು. ನನಗೆ ಮಾತ್ರ ಅಪ್ಪನ ಕೈ ಮುರಿದ ಮೇಲೆ ಗೊತ್ತಾಯಿತು.

ಹಳೇ ಹ್ಯಾಂಡಲ್ ದನದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿತ್ತು. ಉಜ್ಜಿ ತೊಳೆದು ನಾನೇ ಮತ್ತೆ ಹಾಕಿಸಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಅಪ್ಪ ಕಾಲುವೆ ತನಕ ಹೋಗಿ ಬಂದರು. "ಈಗ ನೋಡು, ಮೈಗೆ ಕುಂತದ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ನಿಮ್ಮ ಮನೆಯಲ್ಲೂ ಹಳೇ ಜಾವಾನೋ ಯೆಜ್ಡಿನೋ ಇದ್ದರೆ ಹ್ಯಾಂಡಲ್ಲಿಗೆ ಕೈ ಹಾಕುವ ಮುಂಚೆ ಅದನ್ನು ದಿನಾ ಓಡಿಸುವವರನ್ನು ಒಂದು ಮಾತು ಕೇಳಿ.